ಕಾಕಾನ ಚಹಾಕ್ಕೆ ಬಿದ್ದ ಆ್ಯಪ್

ಕಾಕಾ, ಮುಂಬಯಿಯಲ್ಲಿ ನಿಮ್ಮ ಹೆಸರು ಕೆಟ್ಟಿದೆ.

ಮಲಾಡ್‌ನ ನಮ್ಮ ಆಫೀಸು ಚಹಾ-ತಿಂಡಿ ತರಿಸುವ ಆ್ಯಪ್ ಮಾಡುತ್ತದೆ. ಅದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಎಲ್ಲರೂ ಸಭ್ಯ ಗಿರಾಕಿಗಳಂತೆ ಆರ್ಡರ್ ಕೊಟ್ಟು ನೋಡಿದ್ದರು, ಏನೂ ಸಿಕ್ಕಿರಲಿಲ್ಲ. ನಾಳೆ ಬಿಡುಗಡೆಯೆಂದು ಪೇಡೆಯೂ ಬಂದಿತ್ತು. ಆಗ ನಾನು ನಿಮ್ಮ ಹಾಗೆ ಆರ್ಡರ್ ಕೊಟ್ಟೆ: "ಚಾ ತರ್ರಿ. ಬ್ಯಾಡ ಬಿಡ್ರಿ. ಇರ್ಲಿ, ತರ್ರಿ, ಸಕ್ರಿ ಬ್ಯಾಡ." ದುಡ್ಡು ಕಟ್ಟುತ್ತಿರುವಾಗಲೇ ಮನಸ್ಸು ಬದಲಿಸಿದ್ದಕ್ಕೆ ಆ್ಯಪ್ ಅಂಗಾತ ಬಿತ್ತು.

"ಅರೆ, ಇಂಥಾ ಗಿರಾಕಿ ಸಚ್‌ಮುಚ್ ಇರ್ತಾರೇನು?" ಎಂದರು ಮ್ಯಾನೇಜರ್ ಶೈಲಾ. ನಿಮ್ಮ ಫೋಟೊ ತೋರಿಸಿದೆ. ಬಿಡುಗಡೆ ನಿಂತಿತು.

ದಿನಾ ಕುರ್ಲಾದಿಂದ ಲೋಕಲ್ ರೈಲಿನಲ್ಲಿ ನಿಂತು ಬಂದು ನನ್ನ ಮೊಣಕಾಲು ಹಿಡಿದುಕೊಂಡಿದೆ, ಉಳಿದಂತೆ ಆರಾಮ. ಆ್ಯಪ್ ರಿಪೇರಿಯಾಗುವವರೆಗೆ ನೀವು ಮನೆಯ ಚಹಾವನ್ನೇ ಕುಡಿಯಬೇಕೆಂದು ಇಡೀ ಆಫೀಸಿನ ವಿನಂತಿ.

ಮಾಧುರಿ