ಆ ನಳದ ನೀರಿನ ತವರು

ಅತ್ತೆ, ಜುಗೂಳದ ಮನೆಯಿಂದ ನಿಮ್ಮ ಸೊಸೆ ಬರೆಯುತ್ತಿದ್ದೇನೆ.

ಇವತ್ತು ಚತುರ್ದಶಿ, ಉಪವಾಸ. ಎಮ್ಮೆ ಹಿಂಡಿ, ಬಾವಿಯ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ತಿರುಗಿ ಅದೇ ಬಾವಿಗೆ ಇಳಿಸಿ, ಬಸದಿಗೆ ಹೋಗಿ ಬಂದು ಕುಳಿತಿದ್ದೇನೆ. ನೀವು ತೀರಿಹೋಗಿ ಇಷ್ಟು ವರ್ಷವಾದರೂ ನೀವು ಕಲಿಸಿದ ಕ್ರಮ ತಪ್ಪಿಸಿಲ್ಲ.

ನನ್ನ ಮಗಳು ಪದ್ಮಾ ಐದನೆಯ ಇಯತ್ತೆ ಪಾಸಾದ ಆ ಚೈತ್ರದ ಸೂಟಿ ನೆನಪಿದೆಯೇ? ನಾವು ಮೂವರೂ ಮುಂಬಯಿಗೆ, ಮೈದುನನ ಮನೆಗೆ ಹೋಗಿದ್ದೆವು. ನಳದ ನೀರು ಸೋಸಿದ ನೀವು ಬಟ್ಟೆ ಹಿಡಿದು ನಿಂತೇಬಿಟ್ಟಿರಿ. “ಇದರ ಬಾವಿ ಎಲ್ಲೈತಿ? ಇವನ್ನ ಎಲ್ಲಿ ಬಿಡ್ಲಿ?” ಮೂರನೆಯ ಮಹಡಿಗೆ ಬಾವಿ ಎಲ್ಲಿಂದ ತರೋಣ? ಎಲ್ಲವನ್ನೂ ಒಂದು ತಂಬಿಗೆಯಲ್ಲಿ ಕಾಯ್ದಿಟ್ಟಿರಿ.

ಪದ್ಮಾಳಿಗೆ ಪ್ರಾಣಿಸಂಗ್ರಹಾಲಯದ ಹುಲಿ, ಆನೆ ತೋರಿಸಿದ ಮರುದಿನ ಸಮುದ್ರಕ್ಕೆ ಹೊರಟೆವು. ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ ಪದ್ಮಾ ಕುಣಿಯುತ್ತಿದ್ದಳು. ನಿಮ್ಮ ಮಡಿಲಲ್ಲಿ ತಂಬಿಗೆ. “ಆಜೀ, ತೀರ್ಥ ಆಹೆ ಕಾ?” ತೀರ್ಥವೇನಜ್ಜಿ ಎಂದು ಮರಾಠಿಯಲ್ಲಿ ಕೇಳಿದ ಕಂಡಕ್ಟರ್. “ಜೀವ ಅದಾವೋ ತಮ್ಮಾ, ಗಾಡಿ ಸಾವಕಾಶ ಹೊಡಿ ಅನ್ನು!” ಅವನಿಗೆ ಏನು ತಿಳಿಯಿತೋ, ಕೈಮುಗಿದ.

ದಂಡೆಯಲ್ಲಿ ಪದ್ಮಾ ಉಸುಕಿನ ಬಸದಿ ಕಟ್ಟುತ್ತಿದ್ದಳು. ಇಷ್ಟೊಂದು ನೀರಿರುವಲ್ಲಿ ಬಿಟ್ಟರಾಯಿತೆಂದು ನೀವು ತಂಬಿಗೆ ಬಗ್ಗಿಸಿದಿರಿ. ಅವಳು ಓಡಿ ಬಂದು ನಿಮ್ಮ ಕೈ ಹಿಡಿದಳು.

“ಆಯಿ, ತಡಿ ಬೇ! ಉಪ್ಪನೀರಾಗ ಸಾಯ್ತಾವಲ್ಲ!”

ನೀವು ಗಾಬರಿಯಾಗಿ, ಆಮೇಲೆ ನಕ್ಕಿರಿ. “ನಿನ್ನ ಸಾಲಿಗೆ ಹಾಕಿದ್ದು ಇವತ್ತ ಸಾರ್ಥಕ ಆತ ನೋಡಲೇ.” ಈ ಗಡಿಬಿಡಿಯಲ್ಲಿ ಹೊತ್ತು ಮುಳುಗಿತು, ಕತ್ತಲಾದ ಮೇಲೆ ಉಣ್ಣುವ ಕ್ರಮ ನಮಗಿಲ್ಲವೆಂದು ಡಬ್ಬಿಯ ರೊಟ್ಟಿ ನಾವಿಬ್ಬರೂ ಮುಟ್ಟಲಿಲ್ಲ. ಆದರೂ ಅಂಥ ಸುಖದ ಉಪವಾಸ ಮತ್ತೆ...

ತಂಬಿಗೆ ನಮ್ಮ ಜೊತೆ ರೈಲಿನಲ್ಲಿ ಊರಿಗೇ ಬಂತು. ನಮ್ಮ ಬಾವಿಗೆ ಬಿಡುವಾಗ ನೀವು ತಡೆದಿರಿ. “ಪರಸ್ಥಳದ ಜೀವ. ಈ ನೀರು ಒಗ್ಗತೈತೋ ಇಲ್ಲೋ.”

“ನಾನೂ ತವರು ಬಿಟ್ಟು ಇದ ನೀರಿಗೆ ಬಂದೇನ್ರಿ ಅತ್ತಿ, ಒಗ್ಗಿಲ್ಲೇನ್ರಿ?” ಅಂದೆ.

ನಕ್ಕಿರಿ. ಜೀವಗಳನ್ನು ಬಾವಿಗೆ ಇಳಿಸಿದೆವು. ಆದರೆ ನಿಮ್ಮ ಮನಸ್ಸಿನ ಮುಳ್ಳು ಹೋಗಲಿಲ್ಲ. ಹಾಸಿಗೆ ಹಿಡಿದ ಮೇಲೂ ಕೇಳುತ್ತಿದ್ದಿರಿ: “ಆ ನಳದ ನೀರಿನ ತವರು ಎಲ್ಲೈತಿ, ತಿಳೀತೇನ?” ನನಗೆಲ್ಲಿ ಗೊತ್ತಿತ್ತು?

ಈಗ ತಿಳಿಯಿತು. ಪದ್ಮಾಳನ್ನು ಮುಂಬಯಿಗೇ ಕೊಟ್ಟಿದ್ದೇವೆ. ಈ ಸೂಟಿಯಲ್ಲಿ ಅವಳ ಮನೆಯವರೆಲ್ಲ ನನ್ನನ್ನೂ ಕರೆದುಕೊಂಡು, ಬುತ್ತಿ ಕಟ್ಟಿಕೊಂಡು, ಗುಡ್ಡಗಳ ನಡುವಿನ ಒಂದು ಕೆರೆಗೆ ಹೋದರು. “ಅವ್ವಾ, ನಮ್ಮ ನಳಕ್ಕ ನೀರು ಇಲ್ಲಿಂದನ ಬರತೈತಿ” ಎಂದು ಪದ್ಮಾ ಚೀಲದಿಂದ ತೆಗೆದದ್ದು, ಮದುವೆಯಲ್ಲಿ ಅವಳ ಜೊತೆ ಹೋದ ನಿಮ್ಮದೇ ತಂಬಿಗೆ. ಬೆಳಿಗ್ಗೆ ಸೋಸಿದ ನೀರಿನ ಜೀವಗಳು ಅದರಲ್ಲಿದ್ದವು. ಅವಳ ಮಗಳ ಕೈಯಿಂದಲೇ ಬಿಡಿಸಿದೆವು. ಹೊತ್ತು ಮುಳುಗುವ ಮುಂಚೆ ಊಟವೂ ಆಯಿತು, ಅತ್ತೆ.

ಆ ಹುಡುಗಿ ಈಗ ತಂಬಿಗೆ ಹಿಡಿದು ನನ್ನ ಜೊತೆ ಊರಿಗೆ ಬಂದಿದ್ದಾಳೆ. ನಾಳೆ ಬೆಳಿಗ್ಗೆ, ನೀವು ನಿತ್ಯ ನಿಲ್ಲುತ್ತಿದ್ದ ಬಾವಿಗೆ ಜೀವ ಬಿಡಲು ಬರುತ್ತಾಳೆ. ನಿಮ್ಮ ಮನಸ್ಸು ಹಗುರಾಗಿದ್ದರೆ ಎರಡು ಮಾತು ಅವಳ ಕೈಯಲ್ಲಿ ಕಳಿಸಿರಿ. ಸಾವಕಾಶ ತಾ ಎಂದು ನಾನೂ ಅವಳಿಗೆ ಹೇಳುತ್ತೇನೆ.