ಕಾರಿನಿಂದ ಕಾಣದ ಬಂಡೆಗಳು

ಮಾರ್ಚ್ 8, ಸಂಜೆ

ಲಾಡ್ಜ್ ರೂಮು. ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿದೆ. ಮೊಣಕಾಲಿನ ಕೆಳಗೆ ಪೌಡರ್ ಹಚ್ಚಿದ್ದಾಯಿತು. ಇವತ್ತು ಕಾಲಿಗೆ ಕೆಲಸವೇ ಇರಲಿಲ್ಲ. ಕೂರಿಸಿಬಿಟ್ಟರಲ್ಲ — ಕಾರಿನಲ್ಲಿ, ಬ್ಯಾಗುಗಳ ಜೊತೆ.

ಮರಳುಗಲ್ಲಿನ ಬಂಡೆ ನೋಡಬೇಕೆಂದು ಹಟ ಹಿಡಿದವಳು ನಾನು. ನೋಡಲು ಹೋದವರು ಅಣ್ಣ, ಅತ್ತಿಗೆ.

"ದಾರಿ ಸರಿ ಇಲ್ಲ, ನಿನಗ್ಯಾಕೆ ತೊಂದ್ರೆ" ಅಂದ ಅಣ್ಣ. ಕಾರಿನ ಗ್ಲಾಸು ಇಳಿಸಿ, ನೀರಿನ ಬಾಟಲಿ ಕೊಟ್ಟು ಹೋದ. ಸಾಕಿದ ನಾಯಿಗೂ ಅಷ್ಟೇ ಮಾಡುತ್ತಾರೆ.

ವಾಪಸ್ ಬಂದ ಅತ್ತಿಗೆ ಫೋನ್ ಚಾಚಿದರು. "ನಿನಗೋಸ್ಕರನೇ ತೆಗ್ದೆ ಕಣೇ. ಅಲ್ಲಿಗೇ ಹೋದಂಗಿದೆ ನೋಡು."

ನೋಡಲಿಲ್ಲ. ಮೈಯೆಲ್ಲ ಉರಿಯಿತು. ಟೈಲರ್ ಅಂಗಡಿಯಲ್ಲಿ ದಿನವಿಡೀ ನಿಂತೇ ಬಟ್ಟೆ ಕತ್ತರಿಸುತ್ತೇನೆ. ಆಗ ಯಾರಿಗೂ ಅಯ್ಯೋ ಪಾಪ ಅನ್ನಿಸುವುದಿಲ್ಲ...

ಮಾರ್ಚ್ 10, ಮಧ್ಯಾಹ್ನ

ಯಾರಿಗೂ ಹೇಳದೆ ಆಟೋ ಹಿಡಿದೆ. ಗೇಟಿನಲ್ಲಿ ಗಾರ್ಡ್, "ಜೊತೆಗೆ ಯಾರೂ ಬಂದಿಲ್ವಾಮ್ಮ?"

"ಬಂಡೆ ನೋಡೋಕೂ ಜೊತೆ ಬೇಕಾ?"

ಟಿಕೆಟ್ ಹರಿದುಕೊಟ್ಟ.

ಕಡಿದಾದ ದಾರಿ. ಜಾರಿದೆ, ಕೂತೆ, ಎದ್ದೆ. ಮೇಲೆ — ಪದರ ಪದರ ಕಲ್ಲು, ಕೆಂಪು, ಅರಿಸಿನ, ಮತ್ತೆ ಕೆಂಪು. ಕೈಯಿಟ್ಟರೆ ಮರಳು ಅಂಗೈಗೆ ಅಂಟುತ್ತದೆ. ಇದ್ದಕ್ಕಿದ್ದಂತೆ ನೆಲವೇ ಮುಗಿದುಹೋಗುತ್ತದೆ. ತೀರಾ ಕೆಳಗೆ ನದಿ, ಥಾನಿನ ಸುರುಳಿಯಿಂದ ಉರುಳಿ ಬಿಚ್ಚಿಕೊಂಡ ಬಟ್ಟೆಯ ಹಾಗೆ. ಇದನ್ನು ಫೋನಿನಲ್ಲಿ ತೋರಿಸಿ ಮುಗಿಸಲು ನೋಡಿದರಲ್ಲ.

ಹಿಂದೆ ಏದುಸಿರು. ಅಣ್ಣ, ಹುಡುಕಿಕೊಂಡು ಬಂದಿದ್ದ. ಬೈಯಲು ಬಾಯಿ ತೆರೆದವನು ಕಣಿವೆ ಕಂಡದ್ದೇ ತಡ, ಕುಸಿದು ಕೂತು ಕಣ್ಣು ಮುಚ್ಚಿಕೊಂಡ.

"ತಲೆ ಸುತ್ತುತ್ತೆ ಕಣೇ. ಮೊನ್ನೆನೂ ಅರ್ಧ ದಾರೀಲೇ ಕೂತ್ಕೊಂಡೆ. ನಿಮ್ಮ ಅತ್ತಿಗೆ ಒಬ್ಬಳೇ ಬಂದಿದ್ದು."

"ಮತ್ತೆ ನನ್ನನ್ಯಾಕೆ ಕಾರಲ್ಲಿ ಕೂರಿಸ್ದೆ?"

"ನೀನೇ ಹತ್ತಿಬಿಟ್ರೆ ನಾನೂ ಹತ್ತಬೇಕಾಗ್ತಿತ್ತಲ್ಲ."

ನಗಬೇಕೋ, ಎರಡು ಬಿಡಬೇಕೋ. ಕೈ ಕೊಟ್ಟೆ. ದಾರಿಯುದ್ದಕ್ಕೂ ನನ್ನ ಹೆಗಲು ಹಿಡಿದೇ ಇಳಿದ.

ಅದೇ ದಿನ, ಸಂಜೆ

ಪಕ್ಕದ ರೂಮಿನಿಂದ ಅಣ್ಣನ ದನಿ. ಅಮ್ಮನಿಗೆ ಫೋನು.

"ಹೂಂ ಅಮ್ಮ, ತೋರಿಸ್ದೆ. ಅವಳಿಗೆಲ್ಲಿ ಆಗುತ್ತೆ? ನಾನೇ ಕೈ ಹಿಡಿದು ಹತ್ತಿಸಿ, ಇಳಿಸಿ... ಪಾಪ, ತುಂಬಾ ಹೆದರಿಬಿಟ್ಟಿದ್ಲು."

ಪಾಪವಂತೆ. ಹೆದರಿದ್ದಳಂತೆ. ಇರು, ಆ ಫೋನು ಕಸಿದುಕೊಂಡು ಅಮ್ಮನಿಗೆ ನಾನೇ —