ವಿಭೂತಿ ಹಚ್ಚಿಕೊಂಡ ರೇಡಿಯೊ

ನೂಲ, ತಾ. ಗಡಹಿಂಗ್ಲಜ
೧೪ ನವೆಂಬರ್ ೨೦೨೫, ಶುಕ್ರವಾರ

ಇಚಲಕರಂಜಿ ಮಗ್ಗಸಾಮ್ರಾಜ್ಯದ ಪಾಳಿ ಚಕ್ರವರ್ತಿ, ಗುಜರಿ ಭಂಗಾರದಂಗಡಿಗಳ ಉದ್ಧಾರಕ, ಅಜ್ಜಿಯ ಹೃದಯಸಿಂಹಾಸನವನ್ನು ಒಬ್ಬನೇ ಆಕ್ರಮಿಸಿ ಕುಳಿತಿರುವ ಶ್ರೀ ಶ್ರೀ ಸಿದ್ದಾರೂಢಣ್ಣನ ಪಾದಗಳಿಗೆ, ಆ ಸಿಂಹಾಸನದ ಕೆಳಗೆ ಕಸ ಗುಡಿಸುತ್ತಿರುವ ತಂಗಿ ಪ್ರಾಜಕ್ತಾಳ ಸಾಷ್ಟಾಂಗ ನಮಸ್ಕಾರ.

ಆರೋಗ್ಯ ಹೇಗಿದೆ? ಹತ್ತಿಯ ಧೂಳಿಗೆ ಬಂದ ಕೆಮ್ಮು ಕಡಿಮೆಯಾಯಿತೇ? ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಅಜ್ಜಿ ಹಾಲು ಹಿಂಡುವಾಗಲೂ ಕೇಳುತ್ತಾಳೆ. ಎಮ್ಮೆ ಒದ್ದು ನನ್ನ ಮೊಣಕಾಲು ಬಾತಿದೆ. ಅದನ್ನು ಒದ್ದ ಎಮ್ಮೆಯೂ ವಿಚಾರಿಸಿಲ್ಲ.

ಈಗ ದೂರಿಗೆ ಬರುತ್ತೇನೆ. ಇಂಥ ಗಂಭೀರ ಆರೋಪಗಳನ್ನು ಫೋನಿನಲ್ಲಿ ಹೇಳಲಾಗದು, ಪಕ್ಕದಲ್ಲೇ ಅಜ್ಜಿ ಇರುತ್ತಾಳೆ. ನೀನು ಗುಜರಿ ರಾಶಿಯಿಂದ ಎತ್ತಿ, ಒಳಗಿನ ತಂತಿ ಬೆಸೆದು, ವಚನಗಳ ಪೆನ್‌ಡ್ರೈವ್ ಚುಚ್ಚಿ ಕಳಿಸಿದ ರೇಡಿಯೊ ಕಳೆದ ವಾರ ತಲುಪಿತು. ಡಬ್ಬಿಯಲ್ಲಿ ಅಡಾಪ್ಟರ್ ಮಾತ್ರ ಕಾಣಲಿಲ್ಲ. ಕಣ್ಣು ಮಂಜಾದ ಮೇಲೆ ವಚನ ಓದಲಾಗದ ಅಜ್ಜಿ, ಈ ಮರಾಠಿ ಭಜನೆಗಳ ಊರಲ್ಲಿ ಒಂದಿಷ್ಟು ಕನ್ನಡ ಕಿವಿಗೆ ಬೀಳಲೆಂದು ಕಾದು ಕುಳಿತಳು. ರೇಡಿಯೊವನ್ನು ದೇವರ ಜಗಲಿಯ ಮೇಲಿಟ್ಟು, ಹಿಂದೆ ಮುಂದೆ ತಿಳಿಯದೆ ಅದರ ಬೆನ್ನನ್ನೇ ಹಣೆಯೆಂದುಕೊಂಡು ಮೂರು ಪಟ್ಟೆ ವಿಭೂತಿ ಎಳೆದಳು. ಎಷ್ಟು ವೋಲ್ಟ್ ಎಂದು ಅಲ್ಲಿ ಬರೆದದ್ದೆಲ್ಲ ಮುಚ್ಚಿಹೋಯಿತು. ಅಜ್ಜಿ ಹಚ್ಚಿದ ವಿಭೂತಿಯನ್ನು ಒರೆಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ? ಮನೆಗೆ ಬಂದವರಿಗೆಲ್ಲ ರೇಡಿಯೊವನ್ನೇ ತೋರಿಸಿ "ನಮ್ಮ ಸಿದ್ದೂ ಕಳಿಸ್ಯಾನ್ರಿ" ಎನ್ನುತ್ತಾಳೆ. ದಿನವೂ ಅವಳ ತಲೆಗೆ ಎಣ್ಣೆ ತಿಕ್ಕುವ ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಹಾಡದ ರೇಡಿಯೊಗಿಂತ ಕಡೆಯಾಗಿ.

ನಿನ್ನೆ ಗಡಹಿಂಗ್ಲಜದಿಂದ ಅತ್ತೆಯ ಮಗ ಅಜಿಂಕ್ಯ ಬಂದ. ಡಿಪ್ಲೊಮಾ ಮುಗಿಯುವ ಮೊದಲೇ ಇಂಜಿನಿಯರ್ ಆದವನು. ಟಿವಿಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಕಿತ್ತು ತಂದು ರೇಡಿಯೊಗೆ ಚುಚ್ಚಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. "ಪಿನ್ನ ಕುಂತರ ಮುಗೀತು, ಕರೆಂಟ ಎಲ್ಲಾ ಒಂದ," ಎಂದು ಗೋಡೆಯ ಬಟನ್ನಿಗೆ ಕೈ ಹಾಕಿದ. ಸುಡಲಿ, ಸಿದ್ದೂನ ಕೀರ್ತಿಯೂ ಹೊಗೆಯಾಗಲಿ ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ಅಜ್ಜಿ ತಲೆಯ ಮೇಲೆ ಸೆರಗು ಹೊದ್ದು, ಕೈ ಮುಗಿದು ಕೂತಿದ್ದಳು. ವೈರು ಕಿತ್ತುಬಿಟ್ಟೆ.

"ಅದು ಹನ್ನೆರಡ ವೋಲ್ಟಿಂದು, ಇದಕ್ಕ ಒಂಬತ್ತ ಬೇಕು. ಸುಟ್ಟ ಹೋಗತೈತಿ."

ಅಜ್ಜಿ ನನ್ನ ಕಡೆ ತಿರುಗಿದಳು. "ವಿಭೂತಿ ಹಂಗ ಐತಿ. ನಿನಗ ಹೆಂಗ ಗೊತ್ತಾತ ಪೋರಿ?"

ಅಣ್ಣ ಫೋನಿನಲ್ಲಿ ಹೇಳಿದ್ದ ಎಂದುಬಿಟ್ಟೆ. ಅಜ್ಜಿಯ ಕಣ್ಣುಗಳು ತುಂಬಿಬಂದವು. "ಅಷ್ಟ ದೂರ ಇದ್ದರೂ ನನ್ನ ಸಿದ್ದೂಗ ಎಷ್ಟ ಕಾಳಜಿ ನೋಡ."

ರೇಡಿಯೊ ಉಳಿಸಿದವಳು ನಾನು. ಹೊಗಳಿಕೆ ಹೋದದ್ದು ಇಚಲಕರಂಜಿಗೆ. ಇದಕ್ಕೆ ಯಾವ ಕೋರ್ಟಿನಲ್ಲಿ ದಾವೆ ಹೂಡಲಿ ಅಣ್ಣ?

ಅವ್ವ, ಅಪ್ಪ ಆರಾಮ ಇದ್ದಾರೆ. ಅಜ್ಜಿಯ ಆಶೀರ್ವಾದವನ್ನು ಬೇರೆ ಬರೆಯುವುದಿಲ್ಲ. ನಿನ್ನ ಹತ್ತಿರ ಅದರ ಗೋದಾಮೇ ಇದೆ.

ಹುಟ್ಟಿದಾಗಿನಿಂದ ಎರಡನೆಯವಳಾದ
ಪ್ರಾಜಕ್ತಾ

ತಾ.ಕ.: ಬೇರೆ ಅಡಾಪ್ಟರ್ ಹುಡುಕಬೇಡ. ನೀನು ಕಾಗದ ಸುತ್ತಿ ಡಬ್ಬಿಯ ತಳದಲ್ಲಿಟ್ಟದ್ದು ಬಂದ ದಿನದಿಂದ ನನ್ನ ಕಾಲೇಜು ಚೀಲದಲ್ಲಿ ಅಡಗಿದೆ. ಒಂಬತ್ತು ವೋಲ್ಟ್ ಎಂದು ಅದರ ಮೇಲೆಯೇ ಓದಿದ್ದೆ. ಇವತ್ತು ಸಂಜೆ ಅದನ್ನು ಚುಚ್ಚಿ ರೇಡಿಯೊ ಹಚ್ಚುತ್ತೇನೆ. ಅಜ್ಜಿ ಫೋನಿನಲ್ಲಿ ಕೇಳಿದರೆ, ಪ್ರಾಜೂ ಎಲ್ಲಿಂದಲೋ ಹುಡುಕಿ ತಂದಳಂತೆ ಅನ್ನು. ಬಂದವರ ಮುಂದೆ ಅವಳು ನನ್ನ ಹೆಸರು ಹೇಳುವುದನ್ನು ಒಂದು ಸಲ ಕೇಳಬೇಕಾಗಿದೆ.